ಮುದಿಬಳ್ಳಿಯ ತಿಳಿಗೆಂಪು: ಗ್ರೆನಾಷ್ ವೈನಿನ ನವಿರು ಎಲ್ಲಿಂದ ಬರುತ್ತದೆ?

ಗ್ರೆನಾಷ್ ಬಿಸಿಲುನಾಡಿನ ದ್ರಾಕ್ಷಿ. ಸ್ಪೇನಿನವರು ಇದನ್ನು ಗಾರ್ನಾಚಾ ಎನ್ನುತ್ತಾರೆ, ಸಾರ್ಡೀನಿಯ ದ್ವೀಪದವರು ಕನ್ನೊನಾವು ಎನ್ನುತ್ತಾರೆ. ಇದು ಚಿಗುರುವುದು ಬೇಗ, ಹಣ್ಣಾಗುವುದು ತಡ. ಬಹುಕಾಲ ಬಿಸಿಲಿಗೆ ನಿಂತ ಗೊಂಚಲಿನಲ್ಲಿ ಸಕ್ಕರೆ ಏರುತ್ತ ಹೋಗುವುದರಿಂದ ವೈನಿನ ಮದ್ಯಸಾರ ಸುಲಭವಾಗಿ ಶೇ 15 ಮುಟ್ಟುತ್ತದೆ. ಸಿಪ್ಪೆ ತೆಳು, ಬಣ್ಣ ಕಡಿಮೆ, ಹುಳಿಯೂ ಕಡಿಮೆ. ಫಲವತ್ತಾದ ನೆಲದಲ್ಲಿ ಧಾರಾಳವಾಗಿ ನೀರುಣಿಸಿದರೆ ಬಳ್ಳಿ ಯಥೇಚ್ಛ ಫಸಲು ಬಿಡುತ್ತದೆ. ಆದರೆ ಅದರ ವೈನ್ ಪೇಲವ, ಗಂಟಲಿಗೆ ಬರೀ ಬಿಸಿ. ಇದೇ ದ್ರಾಕ್ಷಿಯ ಮುದಿಬಳ್ಳಿಗಳಿಂದ ಕೆಲವೆಡೆ ತಿಳಿಗೆಂಪು ಬಣ್ಣದ, ಸ್ಟ್ರಾಬೆರಿ, ಕಿತ್ತಳೆ ಸಿಪ್ಪೆ, ಬಿಳಿ ಮೆಣಸಿನ ಪರಿಮಳದ, ನಾಲಿಗೆಗೆ ಭಾರವೆನಿಸದ ವೈನ್ ಬರುತ್ತದೆ. ಈ ನವಿರನ್ನು ಬಳ್ಳಿಯ ವಯಸ್ಸೊಂದರ ಲೆಕ್ಕಕ್ಕೆ ಬರೆಯುವುದು ರೂಢಿ. ಅದು ಅರ್ಧಸತ್ಯ. ವಯಸ್ಸು ಬಳ್ಳಿಗೆ ಸಮತೋಲ ಕೊಡುತ್ತದೆ. ಆ ಸಮತೋಲವನ್ನು ನವಿರಾಗಿಸುವುದು ನೆಲ ಮತ್ತು ಬೆಳೆಗಾರನ ವಿವೇಚನೆ.

ಮೊದಲು ಬಳ್ಳಿಯನ್ನೇ ನೋಡೋಣ. ವಿಜಯಪುರ, ಬಾಗಲಕೋಟೆಗಳಲ್ಲಿ ದ್ರಾಕ್ಷಿಯೆಂದರೆ ಕಣ್ಣಿಗೆ ಬರುವುದು ಚಪ್ಪರ. ಹಳೆಯ ಗ್ರೆನಾಷ್ ತೋಟದಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಮೊಣಕಾಲೆತ್ತರದ, ತೊಡೆಗಾತ್ರದ, ತಿರುಚಿದ ಒಂದು ಬೊಡ್ಡೆ. ಅದರ ತಲೆಯಿಂದ ಸುತ್ತಲೂ ಚಾಚಿದ ಕೆಲವು ತೋಳುಗಳು. ಪ್ರತಿ ಚಳಿಗಾಲ ಚಾಟ್ನಿ ಮಾಡುವಾಗ, ಎಂದರೆ ಕೊಂಬೆ ಸವರುವಾಗ, ತೋಳಿಗೆ ಒಂದೆರಡು ಕಣ್ಣುಗಳನ್ನಷ್ಟೇ ಉಳಿಸುತ್ತಾರೆ. ಗ್ರೆನಾಷಿನ ಕಾಂಡ ಗಟ್ಟಿ, ಚಿಗುರು ನೆಟ್ಟಗೆ ಮೇಲೇಳುವ ಸ್ವಭಾವದ್ದು. ಆದ್ದರಿಂದ ಆಸರೆಯಿಲ್ಲದೆ ಪುಟ್ಟ ಗಿಡದಂತೆ ನಿಲ್ಲಬಲ್ಲದು, ಗೊಂಚಲಿಗೆ ತನ್ನ ಎಲೆಯ ನೆರಳನ್ನು ತಾನೇ ಕೊಡಬಲ್ಲದು. ವಯಸ್ಸಾದಂತೆ ಚಿಗುರಿನ ಅಬ್ಬರ ತಗ್ಗುತ್ತದೆ, ಗೊಂಚಲು ಕಿರಿದಾಗುತ್ತವೆ. ದಪ್ಪ ಬೊಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಮತ್ತು ಆಳಕ್ಕಿಳಿದ ಬೇರು ಬರಗಾಲದಲ್ಲಿ ಅದನ್ನು ಕಾಯುತ್ತವೆ. ಎಳೆಯ ಬಳ್ಳಿ ಮಳೆ ಬಂದರೆ ಉಬ್ಬಿ, ಬಿಸಿಲು ಹೆಚ್ಚಾದರೆ ಸೊರಗುವಾಗ, ಮುದಿಬಳ್ಳಿ ಎರಡಕ್ಕೂ ಅಷ್ಟಾಗಿ ಅಲುಗುವುದಿಲ್ಲ. ಸ್ಪೇನಿನ ಪ್ರಿಯೊರಾತ್‌ನ ಕಡಿದಾದ ಪದರುಗಲ್ಲಿನ ಇಳಿಜಾರಿನಲ್ಲಿ ಇಂಥ ಬಳ್ಳಿಯೊಂದು ಒಂದು ಕಿಲೋ ಹಣ್ಣನ್ನೂ ಕೊಡದಿರುವುದುಂಟು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಜರ್ಮನಿಯ ಗೈಸೆನ್‌ಹೈಮ್‌ನಲ್ಲಿ 1971, 1995 ಮತ್ತು 2012ರಲ್ಲಿ ಒಂದೇ ತೋಟದಲ್ಲಿ ನೆಟ್ಟ ರೀಸ್ಲಿಂಗ್ ಬಳ್ಳಿಗಳನ್ನು ಹೋಲಿಸಿ ನೋಡಿದಾಗ, ಮೊದಲೆರಡು ಗುಂಪುಗಳ ಬೆಳವಣಿಗೆ, ಇಳುವರಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರ ಜೊತೆಗೆ ಇನ್ನೊಂದು ಮಾತೂ ಸೇರುತ್ತದೆ: ಕೆಟ್ಟ ಜಾಗದ ಬಳ್ಳಿಗಳನ್ನು ರೈತರು ಎಂದೋ ಕಿತ್ತಿದ್ದಾರೆ, ಒಳ್ಳೆಯ ಜಾಗದವು ಮಾತ್ರ ಮುದಿಯಾಗಿವೆ, ಹಾಗಿದ್ದರೆ ನಾವು ಹೊಗಳುತ್ತಿರುವುದು ವಯಸ್ಸನ್ನೋ ಜಾಗವನ್ನೋ? ಎರಡೂ ಮಾತುಗಳನ್ನು ಒಪ್ಪಲೇಬೇಕು. ಆದರೆ ಗೈಸೆನ್‌ಹೈಮ್‌ನದು ತಂಪುನಾಡು, ಅಲ್ಲಿನ ದ್ರಾಕ್ಷಿಯೂ ಬೇರೆ. ನೀರಾವರಿಯಿಲ್ಲದ ಬಿಸಿಲುನೆಲದಲ್ಲಿ ಬೇರಿನ ಆಳಕ್ಕೂ ಬೊಡ್ಡೆಯ ದಾಸ್ತಾನಿಗೂ ಇರುವ ಬೆಲೆ ಅಲ್ಲಿ ಕಾಣುವಂಥದ್ದಲ್ಲ. ಇನ್ನು ಜಾಗದ ಮಾತು ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ: ಬಳ್ಳಿ ಮುದಿಯಾಗಿರುವುದೇ ಆ ನೆಲಕ್ಕೂ ಅದಕ್ಕೂ ಹೊಂದಿಕೆಯಾಗಿದೆ ಎನ್ನುವುದಕ್ಕೆ ಸಾಕ್ಷಿ.

ಎರಡನೆಯ ಆಕ್ಷೇಪ ಇನ್ನೂ ಹರಿತ. ಇಳುವರಿ ಕಡಿಮೆಯಾದರೆ ರಸ ಸಾಂದ್ರವಾಗುತ್ತದೆ. ಸಾಂದ್ರವಾದದ್ದು ನವಿರಾಗುವುದು ಹೇಗೆ? ನಿಜ, ಕಡಿಮೆ ಇಳುವರಿಯ ಗ್ರೆನಾಷ್ ಎಷ್ಟೋ ಸಲ ಜಾಮಿನಂತೆ ಮಂದವಾಗಿದೆ. ಉತ್ತರ ಸಿಗುವುದು ಎರಡು ಕಡೆಗಳಲ್ಲಿ. ದಕ್ಷಿಣ ಫ್ರಾನ್ಸಿನ ಶಾತೊನಫ್ ದು ಪಾಪ್‌ನಲ್ಲಿ ಹೆಕ್ಟೇರಿಗೆ 3,500 ಲೀಟರ್ ವೈನ್ ಕಾನೂನಿನ ಮಿತಿ, ಎಂದರೆ ಇಳುವರಿ ಎಲ್ಲರಿಗೂ ಕಡಿಮೆಯೇ. ಅಲ್ಲಿನ ಷಾಟೊ ರಾಯಾಸ್‌ನ ತೋಟವಿರುವುದು ಮರಳುನೆಲದಲ್ಲಿ, ಕಾಡಿನ ನಡುವೆ. ಅಲ್ಲಿನ ಎಷ್ಟೋ ತೋಟಗಳ ಉರುಟುಗಲ್ಲುಗಳಂತೆ ಮರಳು ಹಗಲಿನ ಕಾವನ್ನು ರಾತ್ರಿಗೆ ಹಿಡಿದಿಡುವುದಿಲ್ಲ. ಬರೀ ಗ್ರೆನಾಷ್‌ನಿಂದ ಮಾಡುವ ಅದರ ಕೆಂಪು ವೈನ್ ತಿಳಿಬಣ್ಣಕ್ಕೆ ಹೆಸರುವಾಸಿ. ಮ್ಯಾಡ್ರಿಡ್‌ನ ಪಶ್ಚಿಮಕ್ಕಿರುವ ಗ್ರೇದೊಸ್ ಬೆಟ್ಟಗಳಲ್ಲಿ ಕಣಶಿಲೆ ಸವೆದಾದ ಮರಳುಮಣ್ಣಿದೆ, ಎತ್ತರದ ತೋಟಗಳು ಸಾವಿರ ಮೀಟರ್ ದಾಟುತ್ತವೆ, ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಹುಳಿ ಉಳಿದಿರುವಾಗಲೇ ಕೊಯ್ದು, ಕೆಲವೊಮ್ಮೆ ಗೊಂಚಲನ್ನು ತೊಟ್ಟಿನ ಸಮೇತ ಹುದುಗಿಸಿ, ಸಿಪ್ಪೆಯನ್ನು ಹೆಚ್ಚು ಹಿಂಡದೆ, ಹೊಸ ಓಕಿನ ವಾಸನೆ ಹತ್ತದಂತೆ ಹಳೆಯ ದೊಡ್ಡ ಪೀಪಾಯಿಯಲ್ಲಿಯೋ ಸಿಮೆಂಟ್ ತೊಟ್ಟಿಯಲ್ಲಿಯೋ ಇಟ್ಟರೆ ನವಿರು ಕೈಗೆ ಬರುತ್ತದೆ. ಈ ಹಂತಗಳಲ್ಲಿ ಆತುರವೋ ಆಸೆಯೋ ನುಸುಳಿದರೆ ನೂರು ವರ್ಷದ ಬಳ್ಳಿಯೂ ವೈನನ್ನು ಉಳಿಸಲಾರದು.

ಹಾಗಾದರೆ ಮುದಿಬಳ್ಳಿಯನ್ನು ಉಳಿಸಿಕೊಳ್ಳಲು ಏಕೆ ಹೆಣಗಬೇಕು, ಎಳೆಯ ಬಳ್ಳಿಯ ಗೊಂಚಲನ್ನೇ ಅರ್ಧ ಕತ್ತರಿಸಿ ಇಳುವರಿ ಇಳಿಸಬಾರದೇ ಎಂದು ಕೇಳಬಹುದು. ಕತ್ತರಿಸಿದರೆ ಸಂಖ್ಯೆ ಇಳಿಯುತ್ತದೆ, ಬಳ್ಳಿಯ ಹುರುಪು ಇಳಿಯುವುದಿಲ್ಲ. ಉಳಿದ ಹಣ್ಣುಗಳು ಊದಿಕೊಳ್ಳಬಹುದು, ಎಲೆ ಮತ್ತೆ ದಟ್ಟವಾಗಬಹುದು. ಮುದಿಬಳ್ಳಿಗೆ ಆ ಮಿತಿ ಒಳಗಿನಿಂದಲೇ ಬಂದಿರುತ್ತದೆ. ಆದರೂ ಇದು ರೈತನಿಗೆ ನಷ್ಟದ ಬೆಳೆ: ಯಂತ್ರ ಹೋಗದ ಇಳಿಜಾರು, ಕೈಕೊಯ್ಲು, ಬೊಗಸೆಯಷ್ಟು ಫಸಲು. ಯುರೋಪಿನಲ್ಲಿ ಬಳ್ಳಿ ಕಿತ್ತರೆ ಹಣ ಕೊಡುವ ಯೋಜನೆಗಳಿದ್ದವು. ದಕ್ಷಿಣ ಆಸ್ಟ್ರೇಲಿಯದ ಸರ್ಕಾರ 1980ರ ದಶಕದಲ್ಲಿ ಅದನ್ನೇ ಮಾಡಿ ಎಷ್ಟೋ ಹಳೆಯ ಗ್ರೆನಾಷ್ ತೋಟಗಳನ್ನು ಕಳೆದುಕೊಂಡಿತು. 2009ರಲ್ಲಿ ಅಲ್ಲಿನ ಬರೋಸಾ ಕಣಿವೆಯವರು 35, 70, 100, 125 ವರ್ಷಗಳ ಮೆಟ್ಟಿಲುಗಳಲ್ಲಿ ಬಳ್ಳಿಗಳನ್ನು ವರ್ಗೀಕರಿಸಿದ್ದು ಆ ಪಾಠ ಕಲಿತ ಮೇಲೆ. ಈ ವರ್ಗೀಕರಣ ರುಚಿಗೆ ಖಾತರಿ ಕೊಡುವುದಿಲ್ಲ, ಕೊಡಲು ಹೊರಟರೆ ಅದು ಬರೀ ಪ್ರಚಾರವಾದೀತು. ಅದರ ನಿಜವಾದ ಉಪಯೋಗ ರೈತನಿಗೆ: ತೂಕಕ್ಕೆ ಸಿಗದ ಬೆಲೆಯನ್ನು ಗುಣಕ್ಕೆ ಕೇಳಲು ಅದೊಂದು ಆಧಾರ. ಆ ಬೆಲೆ ಸಿಕ್ಕರೆ ಮಾತ್ರ ಬಳ್ಳಿ ಉಳಿಯುತ್ತದೆ. ಕಿತ್ತ ಬಳ್ಳಿಯ ಜಾಗದಲ್ಲಿ ಇನ್ನೊಂದನ್ನು ನಾಳೆಯೇ ನೆಡಬಹುದು. ಅದು ಇದೇ ಸಮತೋಲಕ್ಕೆ ಬರುವ ಹೊತ್ತಿಗೆ ನೆಟ್ಟವರ ಮಕ್ಕಳು ತೋಟ ನೋಡಿಕೊಳ್ಳುತ್ತಿರುತ್ತಾರೆ.