ತೋಟದಲ್ಲಿ ಸಿಕ್ಕ ಕಬ್ಬೆಕ್ಕಿನ ಮರಿಗೆ ಆಹಾರವೇನು?

ಸೋಮವಾರಪೇಟೆ ಸುತ್ತಿನ ಕಾಫಿ ತೋಟಗಳಲ್ಲಿ ನೆರಳು ಮರದ ಕೊಂಬೆ ಸವರುವಾಗ, ಹಳೆಯ ಮನೆಯ ಅಟ್ಟ ಶುಚಿ ಮಾಡುವಾಗ ಕಬ್ಬೆಕ್ಕಿನ ಮರಿಗಳು ಸಿಗುವುದುಂಟು. ಇದನ್ನು ಕೆಲವೆಡೆ ಮರಬೆಕ್ಕು ಎಂದೂ ಕರೆಯುತ್ತಾರೆ. ಮಕ್ಕಳು ಮರಿಯನ್ನು ಮನೆಗೆ ತರುತ್ತಾರೆ. ಹಿರಿಯರು ಕನಿಕರದಿಂದ ಹಸುವಿನ ಹಾಲು, ಅನ್ನ, ಬಾಳೆಹಣ್ಣು ಕೊಡುತ್ತಾರೆ. ಹೀಗೆ ಬೆಳೆದ ಮರಿ ಭೇದಿಯಿಂದ ಸೊರಗಬಹುದು, ಬದುಕಿದರೂ ಮೂಳೆ ಸೊಟ್ಟಗಾಗಬಹುದು.

ಸಹಜ ಆಹಾರ

ಹೆಸರಿನಲ್ಲಿ ಬೆಕ್ಕು ಎಂದಿದ್ದರೂ ಇದು ಪುನುಗಿನ ಕುಟುಂಬದ ಪ್ರಾಣಿ. ಬೆಳೆದಾಗ 2ರಿಂದ 5 ಕಿಲೋ ತೂಗುತ್ತದೆ. ಅಮೆರಿಕದ ರಕೂನಿನಂತೆ ರಾತ್ರಿ ಸಂಚರಿಸಿ ಸಸ್ಯಾಹಾರ, ಮಾಂಸಾಹಾರ ಎರಡನ್ನೂ ತಿನ್ನುತ್ತದೆ. ಅತ್ತಿ, ಬೈನೆ, ಸೀಬೆ, ಪಪ್ಪಾಯಿ ಹಣ್ಣುಗಳ ಜೊತೆಗೆ ಇಲಿ, ಹಲ್ಲಿ, ಕೀಟ, ಮೊಟ್ಟೆಗಳೂ ಇದರ ಆಹಾರ. ಮಾಗಿದ ಕಾಫಿ ಹಣ್ಣು ತಿಂದಾಗ ತಿರುಳು ಜೀರ್ಣವಾಗಿ ಬೀಜ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಇಂಥ ಬೀಜದ ಕಾಫಿ ಕೊಡಗಿನಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಾಗುತ್ತಿರುವ ಸುದ್ದಿ 2017ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಡೊನೇಷ್ಯದಲ್ಲಿ ಇದಕ್ಕಾಗಿ ಪ್ರಾಣಿಗಳನ್ನು ಗೂಡಿನಲ್ಲಿಟ್ಟು ಹೆಚ್ಚಾಗಿ ಕಾಫಿ ಹಣ್ಣನ್ನೇ ತಿನ್ನಿಸುವ ಪದ್ಧತಿಯುಂಟು. ಅದು ಅನುಕರಣೀಯವಲ್ಲ.

ಮನೆಯ ಆಹಾರದ ದೋಷ

ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಸಕ್ಕರೆ ಶೇಕಡಾ 4.5ರಿಂದ 5ರಷ್ಟಿದೆ. ಅದನ್ನು ಅರಗಿಸಲಾಗದ ಮರಿಗೆ ಭೇದಿಯಾಗುತ್ತದೆ. ಮೂಳೆ ಬೆಳೆಯಲು ಆಹಾರದಲ್ಲಿ ಸುಣ್ಣದ ಅಂಶ ರಂಜಕಕ್ಕಿಂತ ಕಡಿಮೆ ಇರಬಾರದು. ಆದರೆ ಬರೀ ಮಾಂಸದಲ್ಲಿ ರಂಜಕ ಸುಣ್ಣಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಬಾಳೆಹಣ್ಣಿನಲ್ಲಿ ಸುಮಾರು ನಾಲ್ಕು ಪಟ್ಟು. ಸುಣ್ಣ ಸಾಲದಾಗ ದೇಹ ಅದನ್ನು ಮೂಳೆಯಿಂದಲೇ ಸೆಳೆದುಕೊಳ್ಳುತ್ತದೆ. ಮೂಳೆ ಮೆದುವಾಗಿ ಬಾಗುತ್ತದೆ. ಕಾಡಿನಲ್ಲಿ ಇಲಿಯನ್ನು ಮೂಳೆಸಹಿತ ತಿನ್ನುವುದರಿಂದ ಈ ಕೊರತೆ ಬರುವುದಿಲ್ಲ.

ಮರಿ ಸಿಕ್ಕಾಗ

1. ಸಿಕ್ಕ ಜಾಗದಲ್ಲಿಯೇ ಬಿಡುವುದು ಉತ್ತಮ. ನಾಯಿಗಳನ್ನು ಕಟ್ಟಿಹಾಕಿ, ಜನ ದೂರ ಸರಿಯಬೇಕು. ಕತ್ತಲಾದ ಮೇಲೆ ತಾಯಿ ಬಂದು ಒಯ್ಯುವ ಸಂಭವವಿದೆ.

2. ತಾಯಿ ಬಾರದಿದ್ದರೆ ಅಥವಾ ಮರಿಗೆ ಗಾಯವಾಗಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

3. ಪಶುವೈದ್ಯರು ಹೇಳದೆ ಹಾಲು, ಅನ್ನ ಯಾವುದನ್ನೂ ಬಾಯಿಗೆ ಹಾಕಕೂಡದು.

4. ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪಿನಿಂದ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗಾಗಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಎಷ್ಟೇ ಒಳ್ಳೆಯ ಆಹಾರ ಕೊಟ್ಟರೂ ಇದನ್ನು ಮನೆಯಲ್ಲಿ ಸಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಪ್ರಕಾರ ಅದು ಅಪರಾಧ.

ತೋಟಕ್ಕೆ ಪ್ರಯೋಜನ

ಕಬ್ಬೆಕ್ಕು ಒಂದಿಷ್ಟು ಹಣ್ಣು ತಿನ್ನುವುದು ನಿಜ. ಆದರೆ ಇಲಿಗಳನ್ನೂ ಹಿಡಿಯುತ್ತದೆ. ಅತ್ತಿ, ಬೈನೆಗಳ ಬೀಜವನ್ನು ದೂರಕ್ಕೆ ಹರಡುತ್ತದೆ. ಬ್ರೋಮಡಯೋಲೋನ್‌ನಂಥ ಪಾಷಾಣ ತಿಂದ ಇಲಿಯನ್ನು ತಿಂದರೆ ವಿಷ ಇದಕ್ಕೂ ತಗಲುತ್ತದೆ. ಆದುದರಿಂದ ಸತ್ತ ಇಲಿಗಳನ್ನು ಹೆಕ್ಕಿ ಆಳವಾಗಿ ಹೂಳಬೇಕು. ಸಾಧ್ಯವಾದೆಡೆ ಬೋನು ಬಳಸಬೇಕು. ಬೇಲಿಯಂಚಿನ ಅತ್ತಿ, ಬೈನೆ ಮರಗಳನ್ನು ಕಡಿಯದೆ ಉಳಿಸಿದರೆ ಕಬ್ಬೆಕ್ಕಿಗೆ ಬೇಕಾದ ಹಣ್ಣು ಅಲ್ಲಿಯೇ ಸಿಗುತ್ತದೆ. ರೈತರು ಇದಕ್ಕೆ ಮಾಡಬಹುದಾದ ಉಪಕಾರ ಇಷ್ಟೇ, ಇಷ್ಟು ಸಾಕು.