ಬೈಪೋಲಾರ್ ಕಾಯಿಲೆ: ಕುಟುಂಬದವರಿಗೆ ಮಾಹಿತಿ

ಬೈಪೋಲಾರ್ ಕಾಯಿಲೆಯು ಉನ್ಮಾದ ಮತ್ತು ಖಿನ್ನತೆಯ ಹಂತಗಳುಳ್ಳ ದೀರ್ಘಕಾಲದ ಮಾನಸಿಕ ಕಾಯಿಲೆಯಾಗಿದ್ದು, ಇದನ್ನು ದ್ವಿಧ್ರುವಿ ಮನೋವ್ಯಾಧಿ ಎಂದೂ ಕರೆಯಲಾಗುತ್ತದೆ. ಎರಡು ಹಂತಗಳ ನಡುವೆ ವ್ಯಕ್ತಿಯು ಎಂದಿನಂತೆ ಇರುವ ಅವಧಿಯೂ ಉಂಟು. ಕಾಯಿಲೆ ಉಲ್ಬಣಿಸಿದಾಗ ಮಾತುಕತೆ ಕಷ್ಟಸಾಧ್ಯವಾಗುವುದರಿಂದ, ಕುಟುಂಬದವರು ಮುಂದಿನ ಸಿದ್ಧತೆಯನ್ನು ಈ ಶಾಂತ ಅವಧಿಯಲ್ಲಿಯೇ ಮಾಡಿಕೊಳ್ಳುವುದು ಸೂಕ್ತ.

ಮುನ್ಸೂಚನೆಗಳು
ಕಡಿಮೆ ನಿದ್ರೆಯಾದರೂ ಆಯಾಸವಾಗದಿರುವುದು, ಅತಿಯಾದ ಮಾತು, ಮಿತಿಮೀರಿದ ಖರ್ಚು ಇವು ಉನ್ಮಾದದ ಲಕ್ಷಣಗಳು. ನಿರಾಸಕ್ತಿ, ಬೇಸರ, ಜನರಿಂದ ದೂರ ಉಳಿಯುವುದು ಖಿನ್ನತೆಯ ಲಕ್ಷಣಗಳು. ಹಿಂದಿನ ಬಾರಿ ಮೊದಲು ಕಂಡುಬಂದ ಬದಲಾವಣೆಗಳನ್ನು ವ್ಯಕ್ತಿಯೊಂದಿಗೆ ಚರ್ಚಿಸಿ ಬರೆದಿಟ್ಟುಕೊಳ್ಳಬೇಕು.

ನಿದ್ರೆ ಮತ್ತು ಔಷಧಿ
ನಿದ್ರೆಗೇಡು ಉನ್ಮಾದಕ್ಕೆ ದಾರಿಯಾಗಬಹುದು. ಇಡೀ ರಾತ್ರಿಯ ಯಕ್ಷಗಾನ, ನೇಮ, ಮದುವೆಯ ಓಡಾಟ ಮುಂತಾದ ಸಂದರ್ಭಗಳಲ್ಲಿ ಬೇಗನೆ ಮನೆಗೆ ಮರಳುವ ವ್ಯವಸ್ಥೆ ಮಾಡುವುದು ಒಳಿತು. ಗುಣ ಕಂಡಿತೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಲಿಥಿಯಂ ಸೇವಿಸುವವರು ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕರಾವಳಿಯ ಬೇಸಿಗೆಯಲ್ಲಿ ಬೆವರಿನಿಂದ ದೇಹದ ನೀರು, ಉಪ್ಪಿನಂಶ ಕಡಿಮೆಯಾದಾಗ ರಕ್ತದಲ್ಲಿ ಲಿಥಿಯಂ ಪ್ರಮಾಣ ಹೆಚ್ಚಬಹುದು. ವಾಂತಿ, ಭೇದಿ, ಹೆಚ್ಚಿದ ಕೈನಡುಕ, ತೂರಾಟ ಕಂಡುಬಂದಲ್ಲಿ ತಕ್ಷಣ ವೈದ್ಯರಿಗೆ ತೋರಿಸಬೇಕು.

ಹಣಕಾಸು
ಉನ್ಮಾದದ ಅವಧಿಯಲ್ಲಿ ಉಳಿತಾಯ ಕರಗುವ, ಸಾಲ ಬೆಳೆಯುವ ಸಂಭವವಿರುತ್ತದೆ. ಎ.ಟಿ.ಎಂ. ಕಾರ್ಡ್ ಯಾರ ಬಳಿ ಇರಬೇಕು, ದೊಡ್ಡ ಖರ್ಚಿಗೆ ಮೊದಲು ಯಾರೊಂದಿಗೆ ಸಮಾಲೋಚಿಸಬೇಕು ಎಂಬುದನ್ನು ಅವರ ಒಪ್ಪಿಗೆಯಿಂದಲೇ ಮುಂಚಿತವಾಗಿ ನಿರ್ಧರಿಸಬೇಕು. ಬಲವಂತದಿಂದ ಕಿತ್ತುಕೊಂಡಲ್ಲಿ ನಂಬಿಕೆ ಕೆಡುತ್ತದೆ.

ಕಾನೂನಿನ ಅವಕಾಶ
ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಅನ್ವಯ, ಕಾಯಿಲೆ ಇರುವವರು ತಮ್ಮ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ನೇಮಿಸಿಕೊಳ್ಳಬಹುದಾಗಿದೆ. ತಮಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನೂ ಲಿಖಿತವಾಗಿ ನೀಡಬಹುದಾಗಿದೆ.

ತುರ್ತು ಸಂದರ್ಭ
ಸಾಯುವ ಮಾತನ್ನು ಹಗುರವಾಗಿ ಪರಿಗಣಿಸಬಾರದು. ಆತ್ಮಹತ್ಯೆಯ ಆಲೋಚನೆ ಇದೆಯೇ ಎಂದು ಸಮಾಧಾನದಿಂದ ನೇರವಾಗಿ ಕೇಳಬೇಕು. ಕೇಳುವುದರಿಂದ ಅಂತಹ ಆಲೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಮಾತ್ರೆಗಳನ್ನು ಮನೆಯವರ ವಶದಲ್ಲಿ ಇರಿಸಿಕೊಂಡು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.

ನಂತೂರು ಹಾಗೂ ಸುತ್ತಮುತ್ತಲಿನ ನಾಗರಿಕರು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸೆ ಪಡೆಯಬಹುದಾಗಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯಬಹುದು. ಆರೈಕೆ ಮಾಡುವ ಕುಟುಂಬದವರು ತಮ್ಮ ಬಳಲಿಕೆಗೂ ಇದೇ ಸಂಖ್ಯೆಯ ಸೌಲಭ್ಯ ಪಡೆಯಬಹುದಾಗಿದೆ.