ಮುರಾನೊ ದ್ವೀಪದ ಗಾಜಿನ ವಿದ್ಯೆ
ಅಗ್ನಿಭಯದಿಂದ ವೆನಿಸ್ ಗಣರಾಜ್ಯವು 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನು ನಗರದಿಂದ ಹೊರಡಿಸಿ ನೆಲೆಗೊಳಿಸಿದ ಮುರಾನೊ ದ್ವೀಪದಲ್ಲಿ, ಈ ವಿದ್ಯೆಯನ್ನರಸಿ ಬಂದ ಬಾಲಕನು 'ಗಾರ್ಜೋನೆ' ಎಂಬ ಹೆಸರಿನಿಂದ ನೆಲ ಗುಡಿಸುತ್ತ, ಗುರುವಿನ ಕೈಗೆ ಉಪಕರಣಗಳನ್ನೊದಗಿಸುತ್ತ, ಬಹುಕಾಲ ನೋಡಿ ನೋಡಿಯೇ ಕಲಿಯಬೇಕಾಗಿದ್ದಿತು. ಈ ನೀರಸ ಕಾಲವೇ ನಿಜವಾದ ಪಾಠಶಾಲೆಯೆಂದು ನನ್ನೆಣಿಕೆ.

ಊದುವುದೇ ಕಷ್ಟವೆಂದು ನೋಡುವವರು ಭಾವಿಸುವರಾದರೂ, ಕೈ ಸೋಲುವುದು ತಿರುಗಿಸುವುದರಲ್ಲಿ. ಸುಮಾರು 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇನಿನಂತೆ ಮಂದವಾಗಿ ಹರಿಯುವ ಗಾಜನ್ನು ಕಬ್ಬಿಣದ ಊದುಗೊಳವೆಯ ತುದಿಗೆ ಸುತ್ತಿಕೊಂಡ ಕ್ಷಣದಿಂದ ಅವಿರತವಾಗಿ ಹೊರಳಿಸುತ್ತಿರದಿದ್ದಲ್ಲಿ, ಆ ಕೆಂಪುಂಡೆಯು ಸ್ವಂತ ಭಾರಕ್ಕೆ ಒಂದು ಮಗ್ಗುಲಿಗೆ ಜೋತುಬಿದ್ದು, ಒಳಹೊಕ್ಕ ಉಸಿರು ತೆಳುವಾದ ಕಡೆಗೇ ನುಗ್ಗಿ, ಪಾತ್ರೆಯು ಸೊಟ್ಟಗಾಗುವುದು. ಆಕಾರ ಸಿದ್ಧಿಸಿದ ಬಳಿಕವೂ ಅವಸರ ಸಲ್ಲದು. ಸುಮಾರು 500 ಡಿಗ್ರಿಯ ಗೂಡಿನಲ್ಲಿರಿಸಿ ಗಂಟೆಗಟ್ಟಲೆ ಮೆಲ್ಲನೆ ತಣಿಸದ ಗಾಜು ಒಳಗಡಗಿದ ಬಿಗಿತದಿಂದಲೇ ಬಿರಿಯುವುದುಂಟು.